ಹಾಡಿನ ಹಗೇವು

ನಮ್ಮ ಕಡೆ ಹಳೆಯ ಮನೆಗಳಲ್ಲಿ ಹಗೇವು ಇರುತ್ತಿದ್ದವು. ನೆಲವನ್ನು ಆಳವಾಗಿ ಅಗೆದು, ಒಳಗೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಯ ಮಾನ ಉಳಿಸುತ್ತಿದ್ದದ್ದು ಈ ಹಗೇವೇ. ಹುಬ್ಬಳ್ಳಿಯ ದೇಶಪಾಂಡೆ ನಗರದಂಥ ಬಡಾವಣೆಗಳಲ್ಲಿ ಹಗೇವು ಎಲ್ಲಿಂದ ಬರಬೇಕು? ಇಲ್ಲಿ ಕಾಳು ಡಬ್ಬಿಯಲ್ಲಿ, ನೀರು ಟಾಕಿಯಲ್ಲಿ. ಆದರೆ ಈ ಬಡಾವಣೆಗೆ ಇನ್ನೊಂದು ಸುಗ್ಗಿ ಇತ್ತು. ಅದು ಹಾಡಿನ ಸುಗ್ಗಿ. ಹಾಡನ್ನು ಮನೆಯಲ್ಲಿ ಕೂಡಿಡುವುದು ಹೇಗೆ, ಕೂಡಿಟ್ಟದ್ದನ್ನು ಬೇಕಾದಾಗ ತೆಗೆದು ಕೇಳುವುದು ಹೇಗೆ ಎಂಬ ಪ್ರಶ್ನೆಗೆ ಒಂದು ದೊಡ್ಡ ಇತಿಹಾಸವೇ ಇದೆ. ಅದರಲ್ಲಿ ಹೆಣ್ಣುಮಕ್ಕಳ ಪಾಲೂ ಬಹಳ ಇದೆ.

ಗಂಗೂಬಾಯಿ ಹಾನಗಲ್ ಅವರ ಮನೆ 'ಗಂಗಾಲಹರಿ' ಇರುವುದು ಇದೇ ದೇಶಪಾಂಡೆ ನಗರದಲ್ಲಿ. 1913ರ ಮಾರ್ಚ್ 5ರಂದು ಧಾರವಾಡದಲ್ಲಿ ಹುಟ್ಟಿದ ಅವರು ಸಂಗೀತ ಕಲಿಯಲೆಂದೇ 1928ರ ಸುಮಾರಿಗೆ ಮನೆಯವರ ಸಂಗಡ ಹುಬ್ಬಳ್ಳಿಗೆ ಬಂದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಡಿದದ್ದು ಹಿಂದುಸ್ತಾನಿಯ ದಾರಿ. ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಳ್ಳಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿಯೇ ಕಣ್ಣು ಮುಚ್ಚಿದರು. ಕಣ್ಣು ಮುಚ್ಚಿದರು ಎನ್ನುವ ಮಾತು ಅವರಿಗೆ ಪೂರ್ತಿ ಒಪ್ಪುವುದಿಲ್ಲ. ಕಣ್ಣುಗಳನ್ನು ದಾನ ಮಾಡಿಯೇ ಹೋದರು.

ಗಂಗೂಬಾಯಿಯವರ ದನಿ ಎಂದರೆ ನಮಗೆ ನೆನಪಾಗುವುದು ಆ ಗಂಭೀರವಾದ, ಗಂಡುದನಿಯಂಥ ಕಂಠ. ಅವರಿಗೆ ಅದಕ್ಕಿಂತ ಮೊದಲು ಇನ್ನೊಂದು ದನಿ ಇತ್ತು: ತೆಳ್ಳಗಿನ, ಎತ್ತರದ, ಹುಡುಗಿಯ ದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಆ ದನಿ ಹೋಯಿತು. ಬೇರೆಯವರಾಗಿದ್ದರೆ ತಂಬೂರಿಗೆ ಗವಸು ಹಾಕಿ ಗೋಡೆಗೆ ಆನಿಸಿಬಿಡುತ್ತಿದ್ದರೇನೋ. ಅವರು ಬಂದ ದನಿಯನ್ನೇ ತಮ್ಮದಾಗಿ ಮಾಡಿಕೊಂಡು, ಅದರಲ್ಲಿಯೇ ಪದ್ಮಭೂಷಣ, ಪದ್ಮವಿಭೂಷಣಗಳವರೆಗೆ ನಡೆದರು. ಹಾಗಾದರೆ ಆ ಮೊದಲಿನ ದನಿ ಎಲ್ಲಿ ಹೋಯಿತು? 1930ರ ದಶಕದ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಯಿತು. ಎಚ್.ಎಂ.ವಿ. ಕಂಪನಿಯವರು ಮುಂಬಯಿಗೆ ಕರೆಸಿ ಮುದ್ರಿಸಿಕೊಂಡ ಆ ತಟ್ಟೆಗಳ ಮೇಲೆ ಅವರ ಹೆಸರು ಗಂಗೂಬಾಯಿ ಎಂದಿರಲಿಲ್ಲ, 'ಗಾಂಧಾರಿ' ಎಂದಿತ್ತು. ಹೆಸರು ಬೇರೆ, ದನಿ ಬೇರೆ; ಆದರೂ ಹಾಡಿದವರು ಇವರೇ. ತಟ್ಟೆಯೊಂದು ಇರದಿದ್ದರೆ ಆ ಹುಡುಗಿ ಹೀಗೆ ಹಾಡುತ್ತಿದ್ದಳು ಎಂದು ನಮಗೆ ತಿಳಿಯುವ ದಾರಿಯೇ ಇರಲಿಲ್ಲ.

ನಮ್ಮ ದೇಶದಲ್ಲಿ ಈ ತಟ್ಟೆಗಳ ಕಥೆಯ ಮೊದಲ ಪುಟದಲ್ಲಿಯೂ ಹೆಣ್ಣುಮಗಳೇ ಇದ್ದಾಳೆ. 1902ರ ನವೆಂಬರದಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರು ಗ್ರಾಮಫೋನ್ ಕಂಪನಿಯ ಕಹಳೆಯ ಎದುರು ಕುಳಿತು ಹಾಡಿದರು. ಒಂದು ಮಗ್ಗುಲಿಗೆ ಮೂರು ನಿಮಿಷ. ತಾಸುಗಟ್ಟಲೆ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸುವುದೆಂದರೆ ಹೋಳಿಗೆಯ ಊಟವನ್ನು ಒಂದು ತುತ್ತಿನಲ್ಲಿ ಬಡಿಸಿದಂತೆ. ಅದನ್ನೂ ಸಾಧಿಸಿದರು. ಹಾಡು ಮುಗಿಯುತ್ತಲೇ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಕಾರಣ ಇಷ್ಟೆ: ಅಚ್ಚು ತಟ್ಟೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು, ಅಲ್ಲಿಯವರಿಗೆ ಹಾಡಿದವರು ಯಾರೆಂದು ತಿಳಿದು ಚೀಟಿ ಅಂಟಿಸಲು ಹೆಸರು ಬೇಕಿತ್ತು. ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಗೌಹರ್ ಜಾನ್ 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ತಟ್ಟೆ ಮನೆಗೆ ಬಂದದ್ದು ಹೆಣ್ಣುಮಕ್ಕಳಿಗೆ ಸಣ್ಣ ಸಂಗತಿಯಾಗಿರಲಿಲ್ಲ. 'ಮರ್ಯಾದಸ್ತರ ಮನೆ'ಯ ಸೊಸೆಯಂದಿರು ಬೈಠಕ್ಕಿಗೆ ಹೋಗುವಂತಿರಲಿಲ್ಲ. ಹಾಡುವವಳನ್ನು ಮನೆಗೆ ಕರೆದು ಕೂಡಿಸುವಂತೆಯೂ ಇರಲಿಲ್ಲ. ಆದರೆ ಆಕೆಯ ದನಿ ಅರಗಿನ ತಟ್ಟೆಯಲ್ಲಿ ಕುಳಿತು ಬಂದರೆ ಯಾರದೂ ತಕರಾರಿರಲಿಲ್ಲ. ಎಂಥ ನ್ಯಾಯ ನೋಡಿ! ಅಷ್ಟಾದರೂ ಪೆಟ್ಟಿಗೆ ಇರುತ್ತಿದ್ದದ್ದು ಪಡಸಾಲೆಯಲ್ಲಿ, ಕೀಲಿ ತಿರುವುವವರು ಗಂಡಸರು. ಒಳಗಿನವರಿಗೆ ಸಿಕ್ಕಿದ್ದು ಬಾಗಿಲ ಸಂದಿಯಿಂದ ಹರಿದು ಬಂದಷ್ಟು ಹಾಡು.

ಹಾಡನ್ನು ದೂರದಿಂದ ಮನೆಗೆ ಹರಿಸುವ ಆಸೆ ರೇಡಿಯೋಗಿಂತ ಹಳೆಯದು. 1881ರಲ್ಲಿ ಪ್ಯಾರಿಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆಡೇರ್ ಎಂಬಾತ ಸಂಗೀತನಾಟಕದ ರಂಗದಿಂದ ಟೆಲಿಫೋನ್ ತಂತಿ ಎಳೆದು, ಎರಡು ಕಿವಿಗೆ ಎರಡು ಕೊಳವೆ ಹಚ್ಚಿ ಜನರಿಗೆ ಹಾಡು ಕೇಳಿಸಿದ. 1893ರಲ್ಲಿ ಬುಡಾಪೆಸ್ಟ್ ನಗರದಲ್ಲಿ ಟೆಲಿಫೋನ್ ತಂತಿಯ ಮೇಲೆ ಮನೆಮನೆಗೆ ಸುದ್ದಿ, ಸಂಗೀತ ಕಳಿಸುವ ವ್ಯವಸ್ಥೆಯೇ ಶುರುವಾಯಿತು. ನಮ್ಮ ನಾಡಿನಲ್ಲಿ 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಬಾನುಲಿ ಕೇಂದ್ರ ತೆರೆದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ಅಲ್ಲಿಯೇ. ಧಾರವಾಡದ ಕೇಂದ್ರ 1950ರಲ್ಲಿ ಆರಂಭವಾಯಿತು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ, ಬಸವರಾಜ ರಾಜಗುರು ಇವರ ಹಾಡನ್ನು ಮುಂಜಾನೆ ರೊಟ್ಟಿ ಬಡಿಯುತ್ತ ಕೇಳುವ ಭಾಗ್ಯ ಈ ಭಾಗದ ಹೆಂಗಸರಿಗೆ ಬಂದದ್ದು ಹಾಗೆ.

ಆದರೆ ರೇಡಿಯೋ ಕೂಡ ಮೊದಲು ಪಡಸಾಲೆಯ ಯಜಮಾನನೇ. ದೇವರ ಮಾಡದಂಥ ಎತ್ತರದ ಹಲಗೆ, ಅದರ ಮೇಲೆ ಕಸೂತಿಯ ಬಟ್ಟೆ, ಗೋಡೆಯಿಂದ ಗೋಡೆಗೆ ಏರಿಯಲ್ಲಿನ ಜಾಳಿಗೆ. ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ಲೈಸೆನ್ಸಿನ ಹಣ ಕಟ್ಟಬೇಕು. ಆ ಪದ್ಧತಿ 1980ರ ದಶಕದವರೆಗೂ ನಡೆಯಿತು. ಟ್ರಾನ್ಸಿಸ್ಟರ್ ಬಂದ ಮೇಲೆ ಮಾತ್ರ ಹಾಡು ಅಡುಗೆಮನೆಯ ಹೊಸ್ತಿಲು ದಾಟಿತು. ಹಿಟ್ಟಿನ ಕೈಯಿಂದಲೇ ಗುಂಡಿ ತಿರುವಿದವರು ನಾವು. ಆದರೂ ಒಂದು ಕೊರತೆ ಉಳಿದೇ ಇತ್ತು. ರೇಡಿಯೋದ ಹಾಡು ಹರಿಯುವ ಹಳ್ಳದ ನೀರು. ಕುಕ್ಕರಿನ ಸೀಟಿಗೋ ಮಗುವಿನ ಅಳುವಿಗೋ ತಪ್ಪಿಹೋದರೆ ಹೋಯಿತು. ಕೂಡಿಡುವ ಹಾಗಿರಲಿಲ್ಲ.

ಆ ಕೊರತೆ ತುಂಬಿದ್ದು ಕ್ಯಾಸೆಟ್ಟು. ಹಾಲೆಂಡಿನ ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲಿ ಹೊರತಂದಿತು. ನಮ್ಮ ಊರುಗಳಲ್ಲಿ ಮನೆಮಾತಾದದ್ದು 1980ರ ದಶಕದಲ್ಲಿ. ತಟ್ಟೆ ಕೇಳುವುದಕ್ಕೆ ಮಾತ್ರ. ಕ್ಯಾಸೆಟ್ಟಿನಲ್ಲಿ ನಾವೇ ತುಂಬಬಹುದಿತ್ತು. ಒಂದು ಕೆಂಪು ಗುಂಡಿ ಒತ್ತಿದರೆ ಯಾವ ಕಂಪನಿಯೂ ಕರೆಯದ ನಮ್ಮ ಮನೆಯ ಹೆಂಗಸರೂ ಗಾಯಕಿಯರೇ. ತೊಟ್ಟಿಲ ಹಾಡು, ಆರತಿ ಹಾಡು, ಸೋಬಾನೆ, ಬೀಸುಕಲ್ಲಿನ ಪದ, ಇವೆಲ್ಲ ಎಷ್ಟೋ ಮನೆಗಳಲ್ಲಿ ಹೀಗೆ ಕ್ಯಾಸೆಟ್ಟು ಸೇರಿದವು.

ನಮ್ಮ ಆಯಿ, ಅಂದರೆ ತಂದೆಯ ತಾಯಿ, ಬೀಸುವ ಪದಗಳ ಕಣಜವೇ ಆಗಿದ್ದಳು. ಅಕ್ಷರ ಬರುತ್ತಿರಲಿಲ್ಲ. ನಮ್ಮ ಅತ್ತೆಯೊಬ್ಬಳು ಒಂದು ಮಧ್ಯಾಹ್ನ ಅವಳನ್ನು ಕೂಡಿಸಿ ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಹಾಡಿಸಿದ್ದಳು. "ಬೀಸೋ ಕಲ್ಲಿಲ್ದ ಹಾಡ ಹ್ಯಾಂಗ ಬರತೈತವಾ?" ಎಂದು ಆಯಿ ತಕರಾರು ಮಾಡಿದ್ದರಿಂದ ಖಾಲಿ ಕಲ್ಲನ್ನೇ ಸುಮ್ಮನೆ ತಿರುವಲು ಕೊಟ್ಟಿದ್ದರಂತೆ. ಮುಂದೆ ಕಾಕಾನೊಬ್ಬ ಅದೇ ಕ್ಯಾಸೆಟ್ಟಿನ ಮೇಲೆ ಕ್ರಿಕೆಟ್ ಕಾಮೆಂಟರಿ ತುಂಬಿಕೊಂಡ. ಕ್ಯಾಸೆಟ್ಟಿನ ಬೆನ್ನಿಗೆ ಎರಡು ಪುಟ್ಟ ಚಕ್ಕೆಗಳಿರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಮತ್ತೆ ಮುದ್ರಿಸಲು ಬರುವುದಿಲ್ಲ. ಅದು ಆಗ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಯಿಯ ಹಾಡು ಉಳಿದದ್ದು ಇಪ್ಪತ್ತೆರಡು ನಿಮಿಷ. ನಡುವೆ ಪದ ನಿಲ್ಲುತ್ತದೆ, ಯಾರೋ ಬೌಂಡರಿ ಹೊಡೆಯುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆ ಆಯಿಗೇ ಬಿತ್ತೇನೋ ಎಂದುಕೊಂಡು ನಾವು ನಕ್ಕಿದ್ದೇವೆ, ಕಣ್ಣೊರೆಸಿಕೊಂಡಿದ್ದೇವೆ.

ಈ ಇಪ್ಪತ್ತೆರಡು ನಿಮಿಷವನ್ನು ಉಳಿಸಬೇಕೆಂಬ ಹಟದಿಂದಲೇ ನಮ್ಮ ಮನೆಗೆ ಹೊಸ ಹಗೇವು ಬಂದಿತು. ಮಗಳು ತಂದದ್ದು ಅಂಗೈಯಷ್ಟು ಅಗಲದ ಒಂದು ಕಂಪ್ಯೂಟರ್, ಅದಕ್ಕೆ ಜೋಡಿಸಿದ ಒಂದು ಡಿಸ್ಕು. ಟಿ.ವಿ.ಯ ಹಿಂದೆ ಮೂಲೆಯಲ್ಲಿ ಕುಳಿತು ಹಗಲಿರುಳು ಒಂದು ಹಸಿರು ಕಣ್ಣು ಮಿಟುಕಿಸುತ್ತದೆ. ಹೋಮ್ ಸರ್ವರ್ ಅನ್ನುತ್ತಾರೆ. ನಾನು ಬಾಯಿ ಬಿಟ್ಟುಕೊಂಡು ನೋಡಿದಾಗ ಅವಳು ತಿಳಿಸಿ ಹೇಳಿದ ರೀತಿ ಹುಬ್ಬಳ್ಳಿಯವಳಿಗೆ ತಕ್ಕಂತೆಯೇ ಇತ್ತು: "ಅವ್ವಾ, ಇದು ಮಾಳಿಗಿ ಮ್ಯಾಲಿನ ಟಾಕಿ ಇದ್ದಂಗ. ನೀರು ಒಂದ ಕಡೆ, ನಳಾ ಎಲ್ಲಾ ಖೋಲ್ಯಾಗ. ಎಲ್ಲಿ ತಿರುವತೀ ಅಲ್ಲಿ ಬರತೈತಿ."

ನೀರಸಾಗರ, ಮಲಪ್ರಭೆಗಳ ನೀರಿಗಾಗಿ ದಿನ ಎಣಿಸುತ್ತ ಕೂತ ಊರಿನವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಹಾಡು, ಚಿತ್ರ, ಮದುವೆಯ ವಿಡಿಯೋ ಎಲ್ಲ ಆ ಡಿಸ್ಕಿನಲ್ಲಿರುತ್ತವೆ. ಮನೆಯ ವೈಫೈ ಮೇಲೆ ಅವು ತುಣುಕು ತುಣುಕಾಗಿ ಹರಿದು ಅಡುಗೆಮನೆಯ ಫೋನಿಗೋ ಪಡಸಾಲೆಯ ಟಿ.ವಿ.ಗೋ ಬರುತ್ತವೆ. ಹೊರಗಿನ ಇಂಟರ್ನೆಟ್ ನಿಂತರೂ ಮನೆಯೊಳಗಿನ ಹರಿವು ನಿಲ್ಲುವುದಿಲ್ಲ. ಒಂದೇ ಹೊತ್ತಿಗೆ ಅತ್ತೆಯವರು ತಮ್ಮ ಕೋಣೆಯಲ್ಲಿ ವಚನ ಕೇಳಬಹುದು, ಮೊಮ್ಮಗ ಸಿನೆಮಾ ನೋಡಬಹುದು. ಪಡಸಾಲೆಯ ಯಜಮಾನಿಕೆ ಮುಗಿದದ್ದು ಹೀಗೆ, ಯಾವ ಜಗಳವೂ ಇಲ್ಲದೆ.

ಇದಕ್ಕೂ ಒಂದು ವಂಶಾವಳಿ ಇದೆ. ಹಾಡನ್ನು ಹಿಂಡಿ ಸಣ್ಣದು ಮಾಡುವ ಎಂಪಿ3 ವಿದ್ಯೆಯನ್ನು ಬೆಳೆಸಿದವರಲ್ಲಿ ಮುಖ್ಯರು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು. ಆ ಹೆಸರು ನಿಂತದ್ದು 1995ರಲ್ಲಿ. ಅದನ್ನು ತಿದ್ದುವಾಗ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಎಂಬ ವಿಜ್ಞಾನಿ ಮತ್ತೆ ಮತ್ತೆ ಪರೀಕ್ಷಿಸಿದ್ದು ಸುಝಾನ್ ವೇಗಾ ಎಂಬಾಕೆ ವಾದ್ಯವಿಲ್ಲದೆ ಹಾಡಿದ 'ಟಾಮ್ಸ್ ಡೈನರ್' ಎಂಬ ಹಾಡಿನ ಮೇಲೆ. ಒಬ್ಬಂಟಿ ಹೆಣ್ಣುದನಿಯನ್ನು ಕೆಡಿಸದೆ ಸಣ್ಣದು ಮಾಡುವುದೇ ಎಲ್ಲಕ್ಕಿಂತ ಕಠಿಣವಾಗಿತ್ತು. ಬೀಸುಕಲ್ಲೊಂದನ್ನೇ ನಂಬಿ ಹಾಡಿದ ನಮ್ಮ ಆಯಿಯರ ದನಿಗೂ ಆ ಪರೀಕ್ಷೆಯ ಫಲ ಸಿಕ್ಕಿದೆ. 2001ರಲ್ಲಿ ಅಮೆರಿಕದ ಒಂದು ಸಣ್ಣ ಕಂಪನಿ ಕಂಪ್ಯೂಟರಿನಲ್ಲಿನ ಹಾಡನ್ನು ಮನೆಯ ತಂತಿಯ ಮೇಲೆ ಇನ್ನೊಂದು ಕೋಣೆಗೆ ಹರಿಸುವ ಸ್ಲಿಂಪ್3 ಎಂಬ ಪೆಟ್ಟಿಗೆ ಮಾರಿತು. 2012ರಲ್ಲಿ ಮಕ್ಕಳ ಕಲಿಕೆಗೆಂದು ಬ್ರಿಟನ್ನಿನವರು ಮಾಡಿದ ಅಗ್ಗದ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ಬಂದಿತು. 2018ರ ಡಿಸೆಂಬರದಲ್ಲಿ ಶುರುವಾದ ಜೆಲ್ಲಿಫಿನ್ ಎಂಬ ತಂತ್ರಾಂಶಕ್ಕೆ ಹಣವನ್ನೇ ಕೊಡಬೇಕಿಲ್ಲ; ನಮ್ಮ ಮನೆಯಲ್ಲಿರುವುದು ಅದೇ.

ತಿಂಗಳಿಗೆ ಇಷ್ಟು ಎಂದು ಕೊಟ್ಟರೆ ಲಕ್ಷಗಟ್ಟಲೆ ಹಾಡು ಫೋನಿನಲ್ಲಿಯೇ ಬರುವಾಗ ಈ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಅದು ಬಾಡಿಗೆಯ ಹಾಡು. ಹಾಗೆ ಹಣ ಕೊಟ್ಟು ಕೇಳುತ್ತಿದ್ದ ಒಂದು ಕಡೆಯಿಂದ ನನ್ನ ಮೆಚ್ಚಿನ ಹಳೆಯ ಕನ್ನಡ ಭಾವಗೀತೆಗಳು ಒಂದು ದಿನ ಹೇಳದೆ ಕೇಳದೆ ಮಾಯವಾದವು. ಹಕ್ಕಿನ ಕರಾರು ಮುಗಿದರೆ ಹಾಗೆಯೇ. ಹೇಗೂ ಆಯಿಯ ಹಾಡು ಅಲ್ಲಿ ಎಂದೂ ಸಿಗುವುದಿಲ್ಲ. ಅದನ್ನು ನಾವು ಇಟ್ಟುಕೊಂಡರೆ ಉಂಟು.

ಇಟ್ಟುಕೊಳ್ಳುವುದಕ್ಕೂ ಹದ ಬೇಕು. ಎಂಪಿ3 ಹಾಡಿಗೆ ನಿಮಿಷಕ್ಕೆ ಸುಮಾರು ಒಂದು ಎಂಬಿ ಜಾಗ. ಒಂದು ಟಿಬಿ ಡಿಸ್ಕಿನಲ್ಲಿ ಅರವತ್ತು ನಿಮಿಷದ 17,000ದಷ್ಟು ಕ್ಯಾಸೆಟ್ಟು ಹಿಡಿಸುತ್ತವೆ. ಆದರೆ ಡಿಸ್ಕೂ ಒಂದು ದಿನ ಕೈಕೊಡುವ ವಸ್ತುವೇ. ಅದಕ್ಕೆ ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಬೇಕು. ನಮ್ಮದು ತಂಗಿಯ ಮನೆಯಲ್ಲಿ, ಧಾರವಾಡದಲ್ಲಿದೆ. ಕರೆಂಟು ಹೋದಾಗ ದಿಢೀರನೆ ನಿಲ್ಲದಂತೆ ಒಂದು ಸಣ್ಣ ಯುಪಿಎಸ್ ಬೇಕು. ಹಳೆಯ ಕ್ಯಾಸೆಟ್ಟು ಮಳೆಗಾಲಕ್ಕೆ ಬೂಸು ಹಿಡಿಯುತ್ತವೆ, ಸುರುಳಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನಾಳೆ ಎನ್ನದೆ ಈಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಲೇಸು.

ಎಲ್ಲಕ್ಕಿಂತ ದೊಡ್ಡ ಕೆಲಸ ಹೆಸರು ಬರೆಯುವುದು. ಕ್ಯಾಸೆಟ್ಟಿನಿಂದ ಇಳಿಸಿದ ಹಾಡನ್ನು ಯಂತ್ರ ತನ್ನಷ್ಟಕ್ಕೆ 'ಟ್ರ್ಯಾಕ್ 1, ಹಾಡಿದವರು ಗೊತ್ತಿಲ್ಲ' ಎಂದು ಬರೆದುಕೊಳ್ಳುತ್ತದೆ. ನಮ್ಮ ಮನೆಯ ಹೆಂಗಸರ ಮಟ್ಟಿಗೆ ಊರೂ ಇಷ್ಟು ದಿನ ಬರೆದುಕೊಂಡದ್ದು ಅದನ್ನೇ. ಮಗಳು ಅದನ್ನು ಅಳಿಸಿ ಆಯಿಯ ಪೂರ್ತಿ ಹೆಸರು, ತವರೂರು, ಹಾಡಿಸಿದ ಅತ್ತೆಯ ಹೆಸರು, ಯಾವ ಪದ, ಯಾವಾಗ ಹಾಡುವುದು ಎಂದೆಲ್ಲ ಬರೆದಿಟ್ಟಿದ್ದಾಳೆ. ಆಯಿಯ ಹೆಸರು ಪಡಿತರ ಚೀಟಿಯ ಆಚೆಗೆ ಬರೆಯಲ್ಪಟ್ಟದ್ದು ಅದೇ ಮೊದಲು.

ಪಂಚಮಿಗೆ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದಿರುತ್ತಾರೆ, ಜೋಕಾಲಿ ಕಟ್ಟಿರುತ್ತಾರೆ, ಉಂಡೆಯ ಡಬ್ಬಿ ತುಂಬಿರುತ್ತದೆ. ಕೈಯಲ್ಲಿ ಫೋನು ಇದ್ದೇ ಇರುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಒಂದು ತಾಸು ಕೂಡಿಸಿ ಹಾಡಿಸಿಕೊಳ್ಳಿ. ಹಾಡು ಶುರು ಮಾಡುವ ಮೊದಲು ಅವರ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ. ನಾಚಿಕೊಳ್ಳುತ್ತಾರೆ, "ನನ್ನ ಹೆಸರು ಯಾಕ ಬೇಕವಾ" ಅನ್ನುತ್ತಾರೆ. ಬಿಡಬೇಡಿ.