ಅಡ್ಮಿರಲ್ ಕ್ರ್ಯಾಡಕ್ ಮತ್ತು ಕೊರೊನೆಲ್ ಸಮರ

ಗೆದ್ದವರ ಚರಿತ್ರೆಯನ್ನು ಬರೆಯುವುದಕ್ಕೆ ಎಲ್ಲ ದೇಶಗಳಲ್ಲಿಯೂ ಜನರುಂಟು. ಸೋತವರ ಚರಿತ್ರೆಯನ್ನು ಬರೆಯುವವರು ವಿರಳ. ಬರೆದರೂ ಸೋತವನನ್ನು ಅವಿವೇಕಿಯೆಂದು ನಿಂದಿಸುವರು, ಇಲ್ಲವೆ ವೀರನೆಂದು ಹೊಗಳಿ ಕೈತೊಳೆದುಕೊಳ್ಳುವರು. ಅವನು ಆ ಸ್ಥಿತಿಗೆ ಬಂದುದು ಹೇಗೆ, ಅವನ ಮುಂದೆ ಬೇರೆ ದಾರಿಯಿದ್ದಿತೆ, ಇದ್ದರೆ ಅದನ್ನು ಮುಚ್ಚಿದವರು ಯಾರು ಎಂಬ ವಿಚಾರಕ್ಕೆ ಕೈಹಾಕುವವರು ಕಡಮೆ. ೧೯೧೪ನೆಯ ಇಸವಿ ನವಂಬರು ೧ರಂದು ಚಿಲಿ ದೇಶದ ಕರಾವಳಿಗೆ ದೂರದ ಸಮುದ್ರದಲ್ಲಿ ತನ್ನ ಧ್ವಜನೌಕೆಯೊಡನೆ ಮುಳುಗಿಹೋದ ಆಂಗ್ಲೇಯ ನೌಕಾಧಿಪತಿ ಸರ್ ಕ್ರಿಸ್ಟೋಫರ್ ಕ್ರ್ಯಾಡಕ್ಕನ ವೃತ್ತಾಂತವು ಇಂತಹ ವಿಚಾರಕ್ಕೆ ತಕ್ಕ ವಿಷಯವಾಗಿದೆ.

ಕ್ರ್ಯಾಡಕ್ಕನು ೧೮೬೨ನೆಯ ಇಸವಿ ಜುಲೈ ೨ರಂದು ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿರುವ ಹಾರ್ಟ್‌ಫರ್ತ್ ಎಂಬಲ್ಲಿ ಜನಿಸಿದನು. ೧೮೭೫ರಲ್ಲಿ, ನಮ್ಮ ಮಕ್ಕಳು ಇನ್ನೂ ಮಾಧ್ಯಮಿಕ ಶಾಲೆಯ ಮೆಟ್ಟಿಲನ್ನು ಹತ್ತುತ್ತಿರುವ ವಯಸ್ಸಿನಲ್ಲಿಯೇ, ‘ಬ್ರಿಟಾನಿಯಾ’ ಎಂಬ ಶಿಕ್ಷಣನೌಕೆಯನ್ನು ಸೇರಿದನು. ಅಲ್ಲಿಂದ ಸುಮಾರು ನಾಲ್ವತ್ತು ವರ್ಷಗಳ ಕಾಲ ಸಮುದ್ರವೇ ಅವನ ಮನೆಯಾಯಿತು. ಅವನು ವಿವಾಹವಾಗಲಿಲ್ಲ. ೧೮೯೧ರಲ್ಲಿ ಸೂದಾನಿನ ಯುದ್ಧಕಾರ್ಯದಲ್ಲಿದ್ದನು. ೧೯೦೦ರಲ್ಲಿ ಚೀನಾದೇಶದಲ್ಲಿ ಬಾಕ್ಸರರ ದಂಗೆಯಾದಾಗ ‘ಅಲ್ಯಾಕ್ರಿಟಿ’ ನೌಕೆಯ ನಾಯಕನಾಗಿದ್ದು, ಟಾಕು ಕೋಟೆಗಳಿಗೆ ಲಗ್ಗೆಯಿಟ್ಟ ಬ್ರಿಟಿಷ್ ನಾವಿಕರ ಮುಂದಾಳಾಗಿ ಹೆಸರು ಪಡೆದನು. ಮರುವರ್ಷ ಕ್ಯಾಪ್ಟನ್ ಪದವಿಯೂ, ೧೯೧೦ರಲ್ಲಿ ರಿಯರ್ ಅಡ್ಮಿರಲ್ ಪದವಿಯೂ ದೊರೆತುವು. ಕತ್ತಿಯೊಡನೆ ಲೇಖನಿಯನ್ನೂ ಹಿಡಿದವನಾದುದರಿಂದ ಬೇಟೆಯ ವಿಷಯವಾಗಿ ಒಂದು, ನಾವಿಕವಿದ್ಯೆಯ ವಿಷಯವಾಗಿ ಎರಡು ಪುಸ್ತಕಗಳನ್ನೂ ಬರೆದನು.

೧೯೧೧ರ ಡಿಸೆಂಬರಿನಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಐದನೆಯ ಜಾರ್ಜ್ ದೊರೆ ನಮ್ಮ ದೆಹಲಿ ನಗರದಲ್ಲಿ ದರ್ಬಾರನ್ನು ನಡೆಸುತ್ತಿದ್ದ ದಿನಗಳಲ್ಲಿಯೇ, ಅವನ ಸೋದರಿಯೂ ಅವಳ ಪತಿಯಾದ ಫೈಫ್ ಡ್ಯೂಕನೂ ಇಬ್ಬರು ಹೆಣ್ಣುಮಕ್ಕಳೂ ಪ್ರಯಾಣಮಾಡುತ್ತಿದ್ದ ಹಡಗು ಮೊರಾಕೊ ದೇಶದ ಸ್ಪಾರ್ಟೆಲ್ ಭೂಶಿರದ ಬಳಿ ಬಿರುಗಾಳಿಯಲ್ಲಿ ನೆಲಹತ್ತಿತು. ಆ ಹಡಗಿನ ಹೆಸರೂ ‘ದೆಹಲಿ’! ಪ್ರಯಾಣಿಕರನ್ನು ದಡ ಸೇರಿಸುವ ಕಾರ್ಯವನ್ನು ನಿರ್ವಹಿಸಿದವರಲ್ಲಿ ಕ್ರ್ಯಾಡಕ್ಕನು ಪ್ರಮುಖನು. ಈ ಸೇವೆಗಾಗಿ ೧೯೧೨ರಲ್ಲಿ ಅವನಿಗೆ ‘ಸರ್’ ಬಿರುದು ಬಂದಿತು. ೧೯೧೩ರಲ್ಲಿ ಉತ್ತರ ಅಮೆರಿಕ ಮತ್ತು ವೆಸ್ಟ್ ಇಂಡೀಸ್ ಸಮುದ್ರಗಳನ್ನು ಕಾಯುವ ನಾಲ್ಕನೆಯ ಕ್ರೂಸರ್ ದಳಕ್ಕೆ ಅಧಿಪತಿಯಾಗಿ ನೇಮಕವಾಯಿತು.

೧೯೧೪ರ ಆಗಸ್ಟಿನಲ್ಲಿ ಮಹಾಯುದ್ಧವು ಆರಂಭವಾದಾಗ ಜರ್ಮನಿಯ ಪೂರ್ವ ಏಷ್ಯಾ ನೌಕಾದಳವು ಶಾಂತಸಾಗರದಲ್ಲಿದ್ದಿತು. ಅದರ ಅಧಿಪತಿ ವೈಸ್ ಅಡ್ಮಿರಲ್ ಫಾನ್ ಸ್ಪೇ. ಈ ದಳದಿಂದ ಬೇರ್ಪಟ್ಟು ಹಿಂದೂ ಮಹಾಸಾಗರಕ್ಕೆ ಬಂದ ಒಂದು ನೌಕೆಯನ್ನು ದಕ್ಷಿಣ ಭಾರತವು ಮರೆಯುವಂತಿಲ್ಲ. ೧೯೧೪ರ ಸೆಪ್ಟೆಂಬರು ೨೨ರ ರಾತ್ರಿ ಮದರಾಸಿನ ಮೇಲೆ ಗುಂಡು ಹಾರಿಸಿ ಎಣ್ಣೆಯ ತೊಟ್ಟಿಗಳಿಗೆ ಬೆಂಕಿಯಿಟ್ಟ ‘ಎಮ್ಡೆನ್’ ಅದೇ. ಗಟ್ಟಿಗನೂ ಕಪಟಿಯೂ ಆದವನಿಗೆ ತಮಿಳರ ಆಡುಮಾತಿನಲ್ಲಿ ಆ ಹಡಗಿನ ಹೆಸರೇ ವಿಶೇಷಣವಾಗಿ ನಿಂತಿತು. ಅದೇ ೨೨ರಂದು ಫಾನ್ ಸ್ಪೇಯ ಮೂಲದಳವು ಟಹೀಟಿ ದ್ವೀಪದ ಪಪೀಟೆಯ ಮೇಲೆ ಗುಂಡು ಹಾರಿಸಿ ಪೂರ್ವಾಭಿಮುಖವಾಗಿ ಸಾಗಿತು. ಅದನ್ನು ಎದುರುಗೊಳ್ಳುವ ಕಾರ್ಯವು ಕ್ರ್ಯಾಡಕ್ಕನ ಪಾಲಿಗೆ ಬಂದಿತು.

ಮುಂದಿನ ಕಥೆಯನ್ನು ತಿಳಿಯುವುದಕ್ಕೆ ಮೊದಲು ಮತ್ತೊಬ್ಬನ ಕಥೆಯನ್ನು ತಿಳಿಯಬೇಕು. ಆ ಆಗಸ್ಟಿನಲ್ಲಿಯೇ ಮಧ್ಯಧರಣಿ ಸಮುದ್ರದಲ್ಲಿ ರಿಯರ್ ಅಡ್ಮಿರಲ್ ಟ್ರೂಬ್ರಿಜ್ ಎಂಬವನು ನಾಲ್ಕು ಕ್ರೂಸರುಗಳೊಡನೆ ‘ಗೋಬೆನ್’ ಎಂಬ ಜರ್ಮನ್ ಮಹಾನೌಕೆಯನ್ನು ಅಡ್ಡಗಟ್ಟುವುದಕ್ಕೆ ಹೊರಟಿದ್ದನು. ಹೆಚ್ಚಿನ ಬಲದೊಡನೆ ಕಾದಬಾರದೆಂಬ ಆಜ್ಞೆ ಅವನಿಗಿದ್ದಿತು. ಗೋಬೆನ್ನಿನ ೧೧ ಅಂಗುಲದ ತೋಪುಗಳನ್ನು ಹಗಲು ಬೆಳಕಿನಲ್ಲಿ ಎದುರಿಸುವುದು ವ್ಯರ್ಥನಾಶವೆಂದು ಅವನು ಹಿಂದಿರುಗಿದನು. ಗೋಬೆನ್ ತಪ್ಪಿಸಿಕೊಂಡು ಡಾರ್ಡನೆಲ್ಸನ್ನು ಸೇರಿತು. ಇಂಗ್ಲೆಂಡಿನಲ್ಲಿ ಕೋಪವುಕ್ಕಿತು. ಟ್ರೂಬ್ರಿಜ್ಜನನ್ನು ಕರೆಸಿ ವಿಚಾರಣೆ ನಡೆಸಿದರು. ಬಳಿಕ ಸೈನ್ಯ ನ್ಯಾಯಸ್ಥಾನವು ಅವನನ್ನು ನಿರ್ದೋಷಿಯೆಂದು ಬಿಟ್ಟಿತಾದರೂ ಸಮುದ್ರದ ಮೇಲಿನ ಅಧಿಕಾರವು ಅವನಿಗೆ ಮತ್ತೆ ದೊರೆಯಲಿಲ್ಲ. ಈ ವರ್ತಮಾನವು ದೂರದ ಸಮುದ್ರಗಳಲ್ಲಿದ್ದ ಪ್ರತಿಯೊಬ್ಬ ನೌಕಾಧಿಪತಿಯ ಕಿವಿಗೂ ಬಿದ್ದಿತು. ಆಜ್ಞೆಯ ಅಕ್ಷರವನ್ನು ಪಾಲಿಸಿ ಹಿಂದಿರುಗಿದವನಿಗೆ ಅಪಕೀರ್ತಿಯೇ ಫಲವೆಂಬ ಪಾಠವನ್ನು ಅವರು ಕಲಿತರು.

ಇತ್ತ ಲಂಡನ್ನಿನ ನೌಕಾಡಳಿತ ಮಂಡಲಿಯಿಂದ ಕ್ರ್ಯಾಡಕ್ಕನಿಗೆ ತಂತಿಗಳು ಬರತೊಡಗಿದುವು. ಆಗ ಆ ಮಂಡಲಿಯ ಮುಖ್ಯಸ್ಥನು ವಿನ್‌ಸ್ಟನ್ ಚರ್ಚಿಲ್. ಸೆಪ್ಟೆಂಬರು ೧೪ರ ತಂತಿಯು ಶತ್ರುವನ್ನು ಎದುರಿಸಲು ಸಾಕಾಗುವ ಬಲವನ್ನು ಒಂದೆಡೆ ಕೂಡಿಸಬೇಕೆಂದೂ, ‘ಡಿಫೆನ್ಸ್’ ಎಂಬ ಬಲಿಷ್ಠ ಕ್ರೂಸರನ್ನು ಕಳುಹಿಸುವೆವೆಂದೂ ತಿಳಿಸಿತು. ಅದೇ ದಿನ ಫಾನ್ ಸ್ಪೇ ಸಮೋವಾ ದ್ವೀಪದ ಬಳಿ ಕಾಣಿಸಿಕೊಂಡು ವಾಯವ್ಯಕ್ಕೆ ತಿರುಗಿದಂತೆ ನಟಿಸಿದನು. ಮಂಡಲಿಯು ಇದನ್ನು ನಂಬಿ ಡಿಫೆನ್ಸನ್ನು ತಡೆದಿಟ್ಟಿತು. ಅಕ್ಟೋಬರಿನ ಆರಂಭದಲ್ಲಿ ಅವನು ದಕ್ಷಿಣ ಅಮೆರಿಕಕ್ಕೇ ಬರುತ್ತಿರುವನೆಂದು ಖಚಿತವಾಯಿತು. ಆಗ ಬಂದ ಆಜ್ಞೆ: ಶತ್ರುವನ್ನು ಹುಡುಕಬೇಕು, ವ್ಯಾಪಾರವನ್ನು ಕಾಪಾಡಬೇಕು, ‘ಕೆನೋಪಸ್’ ಎಂಬ ಹಳೆಯ ಯುದ್ಧನೌಕೆಯನ್ನು ಜೊತೆಗಿಟ್ಟುಕೊಳ್ಳಬೇಕು.

ಈ ಆಜ್ಞೆಯಲ್ಲಿಯೇ ವಿರೋಧವಡಗಿದ್ದಿತು. ಕೆನೋಪಸ್ಸಿನಲ್ಲಿ ೧೨ ಅಂಗುಲದ ನಾಲ್ಕು ತೋಪುಗಳಿದ್ದುವು. ಆದರೆ ಅದು ಗಂಟೆಗೆ ೧೨ ನಾಟಿಗಿಂತ ವೇಗವಾಗಿ ನಡೆಯಲಾರದೆಂದು ಅದರ ಯಂತ್ರಾಧಿಕಾರಿ ವರದಿಮಾಡಿದ್ದನು. ಆ ವರದಿಯು ತಪ್ಪೆಂದೂ, ಹಡಗು ಇನ್ನೂ ಹೆಚ್ಚು ವೇಗದಿಂದ ನಡೆಯಬಲ್ಲದೆಂದೂ ಕಾಲ ಮೀರಿದ ಮೇಲೆ ತಿಳಿಯಿತು. ೧೨ ನಾಟಿನ ಹಡಗನ್ನು ಕಟ್ಟಿಕೊಂಡು ೨೦ ನಾಟಿಗೆ ಮಿಕ್ಕಿದ ವೇಗದ ಶತ್ರುವನ್ನು ಹುಡುಕಿ ಹಿಡಿಯುವುದು ಎತ್ತಿನ ಗಾಡಿಯಲ್ಲಿ ಕುದುರೆಯನ್ನು ಬೆನ್ನಟ್ಟಿದಂತೆ. ಅಕ್ಟೋಬರು ೨೬ರಂದು ಕ್ರ್ಯಾಡಕ್ಕನು ಇದನ್ನೇ ತಂತಿಯ ಮೂಲಕ ತಿಳಿಸಿ, ಡಿಫೆನ್ಸನ್ನು ತನ್ನಲ್ಲಿಗೆ ಬರಹೇಳಿದನು. ಕೆನೋಪಸ್ಸನ್ನು ಕಲ್ಲಿದ್ದಲಿನ ಹಡಗುಗಳ ಕಾವಲಿಗೆ ಇಟ್ಟನು. ೨೮ರಂದು ಮಂಡಲಿಯು ಡಿಫೆನ್ಸ್ ಪೂರ್ವ ಕರಾವಳಿಯಲ್ಲಿಯೇ ಇರಲೆಂದು ಅಪ್ಪಣೆಮಾಡಿತು. ಈ ಡಿಫೆನ್ಸ್ ಬೇರೆ ಯಾವುದೂ ಅಲ್ಲ, ಆಗಸ್ಟಿನಲ್ಲಿ ಟ್ರೂಬ್ರಿಜ್ಜನ ಧ್ವಜನೌಕೆಯಾಗಿದ್ದುದೇ!

ಅಕ್ಟೋಬರು ೨೨ರಂದು ಫಾಕ್‌ಲೆಂಡ್ ದ್ವೀಪಗಳ ಸ್ಟ್ಯಾನ್ಲಿ ರೇವನ್ನು ಬಿಡುವಾಗಲೇ ಕ್ರ್ಯಾಡಕ್ಕನಿಗೆ ಪರಿಣಾಮದ ಅರಿವಿದ್ದಂತೆ ಕಾಣುತ್ತದೆ. ತಾನು ಮಡಿದರೆ ಕಳುಹಿಸಬೇಕೆಂದು ಹೇಳಿ, ತನ್ನ ಮಿತ್ರನಾದ ಅಡ್ಮಿರಲ್ ಮ್ಯೂನಿಗೆ ಬರೆದ ಪತ್ರವನ್ನು ಅಲ್ಲಿಯ ಗವರ್ನರನ ವಶದಲ್ಲಿ ಬಿಟ್ಟನು. ಟ್ರೂಬ್ರಿಜ್ಜನ ಗತಿ ತನಗೆ ಬರಬಾರದೆಂಬ ನಿಶ್ಚಯವು ಆ ಪತ್ರದಲ್ಲಿ ವ್ಯಕ್ತವಾಗಿದ್ದಿತು.

ಉಭಯಪಕ್ಷಗಳ ಬಲಾಬಲವನ್ನು ನೋಡೋಣ. ಕ್ರ್ಯಾಡಕ್ಕನ ‘ಗುಡ್ ಹೋಪ್’ ನೌಕೆಯಲ್ಲಿ ೯.೨ ಅಂಗುಲದ ಎರಡೇ ತೋಪುಗಳು. ೬ ಅಂಗುಲದವು ೧೬. ‘ಮನ್ಮತ್’ ನೌಕೆಯಲ್ಲಿ ೬ ಅಂಗುಲದವು ೧೪. ಇವುಗಳಲ್ಲಿ ಹಲವು ಕೆಳ ಅಂತಸ್ತಿನಲ್ಲಿದ್ದು, ಸಮುದ್ರವು ಏರಿದಾಗ ನಿರುಪಯೋಗಿಗಳಾಗುತ್ತಿದ್ದುವು. ನಾವಿಕರಲ್ಲಿ ಬಹುಮಂದಿ ಯುದ್ಧ ಬಂದ ಮೇಲೆ ಕರೆಸಿಕೊಂಡ ಮೀಸಲು ಜನ. ಇವೆರಡರ ಜೊತೆಗೆ ‘ಗ್ಲಾಸ್ಗೋ’ ಎಂಬ ಹೊಸ ಲಘು ಕ್ರೂಸರು, ‘ಒಟ್ರಾಂಟೊ’ ಎಂಬ ತೋಪು ಕೂಡಿಸಿದ ಪ್ರಯಾಣದ ಹಡಗು. ಅತ್ತ ಫಾನ್ ಸ್ಪೇಯ ‘ಷಾರ್ನ್‌ಹಾರ್ಸ್ಟ್’, ‘ನೈಸೆನೌ’ ಎಂಬೆರಡು ನೌಕೆಗಳಲ್ಲಿ ತಲಾ ಎಂಟರಂತೆ ೮.೨ ಅಂಗುಲದ ತೋಪುಗಳು. ಗುರಿಯಿಡುವುದರಲ್ಲಿ ಜರ್ಮನ್ ನೌಕಾಪಡೆಗೇ ಹೆಸರಾದ ಗೋಲಂದಾಜರು. ಜೊತೆಗೆ ‘ಲೈಪ್‌ಜಿಗ್’, ‘ಡ್ರೆಸ್‌ಡೆನ್’, ‘ನ್ಯೂರ್ನ್‌ಬರ್ಗ್’ ಎಂಬ ಮೂರು ಲಘು ಕ್ರೂಸರುಗಳು.

ಗ್ಲಾಸ್ಗೋ ನೌಕೆಯು ತಂತಿಗಳನ್ನು ತರುವುದಕ್ಕಾಗಿ ಕೊರೊನೆಲ್ ರೇವಿಗೆ ಹೋಗಿದ್ದಿತು. ಫಾನ್ ಸ್ಪೇ ಅದೊಂದನ್ನೇ ಹಿಡಿಯಬೇಕೆಂದು ಬಂದನು. ಅವನ ನೌಕೆಗಳೆಲ್ಲವೂ ನಿಸ್ತಂತು ವಾರ್ತೆಯಲ್ಲಿ ಲೈಪ್‌ಜಿಗ್ಗಿನ ಸಂಕೇತವನ್ನೇ ಬಳಸುತ್ತಿದ್ದುದರಿಂದ, ಶತ್ರುವಿನ ನೌಕೆ ಒಂದೇ ಇರುವುದೆಂದು ನಂಬಿ ಕ್ರ್ಯಾಡಕ್ಕನೂ ಬಂದನು. ನವಂಬರು ೧ರ ಅಪರಾಹ್ನ ಎರಡು ದಳಗಳೂ ಒಂದನ್ನೊಂದು ಕಂಡುವು. ಕೆನೋಪಸ್ ಸುಮಾರು ೩೦೦ ಮೈಲಿ ದಕ್ಷಿಣದಲ್ಲಿದ್ದಿತು. ಹಿಂದಿರುಗುವುದಕ್ಕೆ ಸಮಯವಿದ್ದಿತು. ಕ್ರ್ಯಾಡಕ್ಕನು ಹಿಂದಿರುಗಲಿಲ್ಲ.

ನಮ್ಮ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಅರ್ಥಶಾಸ್ತ್ರದಲ್ಲಿ ಕೌಟಿಲ್ಯನು ಕಾಗೆ ಗೂಗೆಗಳ ದೃಷ್ಟಾಂತದಿಂದ ಕಾಲಬಲವನ್ನು ವಿವರಿಸಿರುವನು: ಅವುಗಳಲ್ಲಿ ಗೆಲ್ಲುವುದು ಯಾವುದೆಂಬುದು ಹಗಲಿರುಳುಗಳನ್ನು ಹೊಂದಿಕೊಂಡಿರುವುದು. ಕೊರೊನೆಲ್ಲಿನಲ್ಲಿ ನಡೆದುದೂ ಇದೇ. ಸೂರ್ಯನು ಪಶ್ಚಿಮದಲ್ಲಿ ಇಳಿಯುತ್ತಿರುವಾಗ ಅವನನ್ನು ಬೆನ್ನಿಗಿಟ್ಟುಕೊಂಡ ಕ್ರ್ಯಾಡಕ್ಕನಿಗೆ ಅನುಕೂಲವಿದ್ದಿತು. ಜರ್ಮನರ ಕಣ್ಣಿಗೆ ಬಿಸಿಲು ಹೊಡೆಯುತ್ತಿದ್ದಿತು. ಅವನು ಹತ್ತಿರಕ್ಕೆ ಬರಲು ಯತ್ನಿಸಿದನು. ಫಾನ್ ಸ್ಪೇ ಇದನ್ನರಿತು, ವೇಗದ ಬಲದಿಂದ ದೂರವನ್ನು ಕಾಯ್ದುಕೊಂಡು ಸೂರ್ಯಾಸ್ತವನ್ನು ನಿರೀಕ್ಷಿಸಿದನು. ಸೂರ್ಯನು ಮುಳುಗಿದೊಡನೆಯೇ ಬ್ರಿಟಿಷ್ ನೌಕೆಗಳು ಸಂಧ್ಯಾರಾಗದ ಮುಂದೆ ಕಪ್ಪು ಚಿತ್ರಗಳಂತೆ ನಿಂತುವು. ಜರ್ಮನ್ ನೌಕೆಗಳು ಕತ್ತಲಲ್ಲಿ ಕರಗಿದುವು. ಏಳು ಗಂಟೆಯ ಸುಮಾರಿಗೆ ತೋಪುಗಳು ಮೊಳಗಿದುವು. ಒಂದು ಗಂಟೆಯೊಳಗಾಗಿ ಗುಡ್ ಹೋಪ್ ಸಿಡಿದು ಕಣ್ಮರೆಯಾಯಿತು. ಮನ್ಮತ್ ನೌಕೆಯನ್ನು ರಾತ್ರಿ ಒಂಬತ್ತರ ಸುಮಾರಿಗೆ ನ್ಯೂರ್ನ್‌ಬರ್ಗ್ ಮುಳುಗಿಸಿತು. ಸುಮಾರು ೧,೬೦೦ ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ. ಅವರಲ್ಲಿ ಆಗತಾನೆ ಸೇರಿದ್ದ ಕೆನಡಾದ ನಾಲ್ವರು ತರುಣರೂ ಇದ್ದರು. ಜರ್ಮನರಲ್ಲಿ ಗಾಯಗೊಂಡವರು ಮೂವರು ಮಾತ್ರ.

ಗ್ಲಾಸ್ಗೋ ನೌಕೆಯ ನಾಯಕನಾದ ಜಾನ್ ಲೂಸ್, ಮನ್ಮತ್ತನ್ನು ತಾನು ಉಳಿಸಲಾರನೆಂದೂ, ಉಳಿದು ಹೋರಾಡಿದರೆ ತನ್ನದೂ ಮುಳುಗುವುದೆಂದೂ, ಹಾಗಾದರೆ ಕೆನೋಪಸ್ಸಿಗೆ ಎಚ್ಚರಿಕೆ ಕೊಡುವವರೇ ಇರುವುದಿಲ್ಲವೆಂದೂ ತಿಳಿದು, ಕತ್ತಲಲ್ಲಿ ಹಿಂದೆಗೆದನು. ದೂರದಲ್ಲಿ ನ್ಯೂರ್ನ್‌ಬರ್ಗಿನ ತೋಪುಗಳ ಮಿಂಚನ್ನು ಕಾಣುತ್ತ, ಮಿತ್ರರ ಅಂತ್ಯವನ್ನು ಅರಿಯುತ್ತ ಅವನ ನಾವಿಕರು ಸಾಗಬೇಕಾಯಿತು. ಒಟ್ರಾಂಟೊ ಸಹ ತಪ್ಪಿಸಿಕೊಂಡಿತು.

ಇದರ ಫಲವು ಐದು ವಾರಗಳಲ್ಲಿ ತೋರಿತು. ಎಚ್ಚರಿಕೆ ಪಡೆದ ಕೆನೋಪಸ್ ಸ್ಟ್ಯಾನ್ಲಿ ರೇವಿನ ಕೆಸರಿನಲ್ಲಿ ತಾನಾಗಿ ಕುಳಿತು ಕೋಟೆಯಂತಾಯಿತು. ಇಂಗ್ಲೆಂಡಿನಿಂದ ಅಡ್ಮಿರಲ್ ಸ್ಟರ್ಡಿಯು ‘ಇನ್ವಿನ್ಸಿಬಲ್’, ‘ಇನ್‌ಫ್ಲೆಕ್ಸಿಬಲ್’ ಎಂಬ ಮಹಾನೌಕೆಗಳೊಡನೆ ಬಂದನು. ಡಿಸೆಂಬರು ೮ರಂದು ಫಾನ್ ಸ್ಪೇ ಸ್ಟ್ಯಾನ್ಲಿಗೆ ಬಂದಾಗ ಮೊದಲ ಗುಂಡನ್ನು ಹಾರಿಸಿದುದು, ಯಾವ ಕೆಲಸಕ್ಕೂ ಬಾರದೆಂದೆನಿಸಿಕೊಂಡಿದ್ದ ಆ ಕೆನೋಪಸ್ಸೇ. ಅಂದು ಡ್ರೆಸ್‌ಡೆನ್ ಹೊರತಾಗಿ ಉಳಿದ ನಾಲ್ಕು ಜರ್ಮನ್ ಕ್ರೂಸರುಗಳೂ ಮುಳುಗಿದುವು. ಫಾನ್ ಸ್ಪೇಯೂ ಅವನ ಇಬ್ಬರು ಮಕ್ಕಳೂ ಮಡಿದರು. ಲೈಪ್‌ಜಿಗ್ಗನ್ನು ಮುಳುಗಿಸಿದವರಲ್ಲಿ ಲೂಸನ ಗ್ಲಾಸ್ಗೋ ಒಂದು. ಷಾರ್ನ್‌ಹಾರ್ಸ್ಟಿನ ಅವಶೇಷವು ೨೦೧೯ರಲ್ಲಿ ಆ ಸಮುದ್ರದ ತಳದಲ್ಲಿ, ೧,೬೦೦ ಮೀಟರಿಗೂ ಹೆಚ್ಚಿನ ಆಳದಲ್ಲಿ ಪತ್ತೆಯಾಯಿತು.

ಈಗ ನಿರ್ಣಯ. ಚರ್ಚಿಲ್ಲನು ತರುವಾಯ ತನ್ನ ಯುದ್ಧಚರಿತ್ರೆಯಲ್ಲಿ, ಕೆನೋಪಸ್ಸನ್ನು ಬಿಟ್ಟುಹೋದುದೇ ಕ್ರ್ಯಾಡಕ್ಕನ ತಪ್ಪೆಂದು ಪ್ರತಿಪಾದಿಸಿದನು. ಕ್ರ್ಯಾಡಕ್ಕನ ಪಕ್ಷದವರು, ಅವನು ಶತ್ರುವಿಗೆ ಸ್ವಲ್ಪ ಹಾನಿಮಾಡಿದ್ದರೂ, ಸ್ವದೇಶದಿಂದ ಸಾವಿರಾರು ಮೈಲಿ ದೂರದಲ್ಲಿ ದುರಸ್ತಿಗೆ ಆಸ್ಪದವಿಲ್ಲದ ಫಾನ್ ಸ್ಪೇಗೆ ಅದೇ ಮರಣವಾಗುತ್ತಿದ್ದಿತೆನ್ನುವರು. ಇದು ಪೂರ್ತಿ ಸುಳ್ಳಲ್ಲ. ಕೊರೊನೆಲ್ಲಿನಲ್ಲಿ ಜರ್ಮನರು ದೊಡ್ಡ ತೋಪುಗಳ ಗುಂಡುಗಳಲ್ಲಿ ಐದರಲ್ಲೆರಡು ಪಾಲನ್ನು ವೆಚ್ಚಮಾಡಿದರು; ಅದನ್ನು ತುಂಬಿಕೊಳ್ಳುವ ದಾರಿ ಅವರಿಗಿರಲಿಲ್ಲ.

ನಮಗೆ ತೋರುವುದೇನೆಂದರೆ, ಮೊದಲ ಹೊಣೆ ಆಜ್ಞೆಯನ್ನಿತ್ತವರದು. ಕಾರ್ಯವನ್ನು ವಿಧಿಸಿ ಸಾಧನವನ್ನು ಕೊಡದ ಯಜಮಾನನು ಸೇವಕನ ಸೋಲಿಗೆ ಭಾಗಿಯಾಗುವನು. ಅದಕ್ಕಿಂತಲೂ ಹಿರಿದಾದುದು ಟ್ರೂಬ್ರಿಜ್ಜನ ವಿಷಯದಲ್ಲಿ ಅವರು ನಡೆದುಕೊಂಡ ರೀತಿ. ವಿವೇಕವನ್ನು ಹೇಡಿತನವೆಂದು ಶಿಕ್ಷಿಸುವ ರಾಜ್ಯದಲ್ಲಿ ವಿವೇಕಿಗಳು ಉಳಿಯುವುದಿಲ್ಲ. ಮುಂದಿನವನು ಪ್ರಾಣವನ್ನು ಕೊಟ್ಟಾದರೂ ಮಾನವನ್ನು ಕಾಯುವನು.

ಆದರೆ ಇಷ್ಟಕ್ಕೇ ಕ್ರ್ಯಾಡಕ್ಕನು ಹೊಣೆಯಿಂದ ಬಿಡುಗಡೆ ಹೊಂದಲಾರನು. ಅವನು ಕೊಟ್ಟುದು ತನ್ನ ಪ್ರಾಣವೊಂದನ್ನೇ ಅಲ್ಲ. ಅಭಿಮನ್ಯುವು ವ್ಯೂಹವನ್ನು ಹೊಕ್ಕಾಗ ಒಳಗೆ ಸಿಕ್ಕಿಕೊಂಡವನು ತಾನೊಬ್ಬನೇ. ನೌಕಾಧಿಪತಿಯು ಹೊಕ್ಕಾಗ ಅವನೊಡನೆ ಸಾವಿರಾರು ತಾಯಂದಿರ ಮಕ್ಕಳೂ ಹೊಗುವರು. ಅವರಲ್ಲಿ ಯಾರನ್ನೂ ಯಾವ ಮಂಡಲಿಯೂ ವಿಚಾರಣೆಗೆ ಕರೆಯುತ್ತಿರಲಿಲ್ಲ, ಯಾರ ಕೀರ್ತಿಗೂ ಕುಂದು ಬರುತ್ತಿರಲಿಲ್ಲ. ನಾಯಕನಾದವನು ತನ್ನ ಮಾನವನ್ನು ಅಳೆಯುವ ತಕ್ಕಡಿಯಲ್ಲಿ ಇತರರ ಪ್ರಾಣಗಳನ್ನು ಇಡಬಾರದು. ಅಪಕೀರ್ತಿಯನ್ನು ತಾನೊಬ್ಬನೇ ಹೊತ್ತು ಅನುಯಾಯಿಗಳನ್ನು ಉಳಿಸುವುದೂ ವೀರಕಾರ್ಯವೇ. ಅದಕ್ಕೆ ಬೇಕಾದ ಧೈರ್ಯವು ತೋಪಿನ ಮುಂದೆ ನಿಲ್ಲುವ ಧೈರ್ಯಕ್ಕಿಂತ ಕಡಮೆಯದಲ್ಲ. ಅದೇ ರಾತ್ರಿ ಅದನ್ನು ತೋರಿದವನು ಲೂಸ್.

ಕ್ರ್ಯಾಡಕ್ಕನ ಸ್ಮಾರಕವನ್ನು ೧೯೧೬ರಲ್ಲಿ ಯಾರ್ಕ್ ನಗರದ ದೊಡ್ಡ ದೇವಾಲಯದಲ್ಲಿ ಸ್ಥಾಪಿಸಿದರು. ಅವನ ಶೌರ್ಯವು ಅದಕ್ಕೆ ಅರ್ಹವಾದುದೇ. ಆದರೆ ಚರಿತ್ರೆಯನ್ನು ಓದುವವರು ಆ ಶಿಲೆಯ ಮುಂದೆ ನಿಂತು ಕೈಮುಗಿದ ಬಳಿಕ, ಶಿಲೆಯಲ್ಲಿ ಹೆಸರು ಕೆತ್ತಿಸಿಕೊಳ್ಳದೆ ಹಿಂದಿರುಗಿ ಎಚ್ಚರಿಕೆಯನ್ನು ಮುಟ್ಟಿಸಿದವನನ್ನೂ ಒಮ್ಮೆ ನೆನೆಯುವುದು ನ್ಯಾಯ.