ಶಾಲಾ ಪತ್ರಿಕೆ

ಶಾಲಾ ಪತ್ರಿಕೆ: ಪ್ರೌಢಶಾಲೆಯ ವಿದ್ಯಾರ್ಥಿಗಳು ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ ಬರೆದು ಹೊರತರುವ ಪತ್ರಿಕೆ. ಕನ್ನಡ ಪ್ರದೇಶದಲ್ಲಿ ಇದು ಕೈಬರಹದ ಪತ್ರಿಕೆಯಾಗಿ, ಗೋಡೆ ಪತ್ರಿಕೆಯಾಗಿ, ಅಚ್ಚಾದ ವಾರ್ಷಿಕ ಸಂಚಿಕೆಯಾಗಿ ಬೆಳೆದಿದೆ. ಪತ್ರಿಕೆಯೆಂದರೂ ಇದರಲ್ಲಿ ಸುದ್ದಿಗೆ ಜಾಗ ಕಡಿಮೆ. ಕಥೆ, ಕವನ, ಪ್ರಬಂಧ, ಒಗಟು, ನಗೆಹನಿಗಳದೇ ಕಾರುಬಾರು. ಶಾಲೆಯಲ್ಲಿ ಆ ವರ್ಷ ಏನೇನು ನಡೆಯಿತೆಂದು ತಿಳಿಯಬೇಕಾದರೆ ಮುಖ್ಯೋಪಾಧ್ಯಾಯರ ವಾರ್ಷಿಕ ವರದಿಯನ್ನೇ ಓದಬೇಕು.

ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗನ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಹೊರಬಂತು. ಅದೇ ಶತಮಾನದ ಉತ್ತರಾರ್ಧದಲ್ಲಿ ಬೆಳಗಾವಿ, ಧಾರವಾಡಗಳ ಕಡೆ ಶಿಕ್ಷಣಕ್ಕಾಗಿಯೇ ಪತ್ರಿಕೆಗಳು ಹುಟ್ಟಿದರೂ ಅವು ಮಾಸ್ತರರಿಗಾಗಿ ಇದ್ದಂಥವು. ವಿದ್ಯಾಸಂಸ್ಥೆಯೇ ಪತ್ರಿಕೆ ತರುವ ರೂಢಿ ಇಂಗ್ಲಿಷ್ ಶಾಲೆಗಳಿಂದ ಬಂತು. 1880ರಲ್ಲಿ ಆರಂಭವಾದ ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ 'ಮ್ಯಾಂಗಲೋರ್ ಮ್ಯಾಗಜೀನ್' ಇದಕ್ಕೊಂದು ನಿದರ್ಶನ. ಕನ್ನಡದಲ್ಲಿ ದೊಡ್ಡ ಮಾದರಿ ಒದಗಿದ್ದು 1919ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳ್ತನದಲ್ಲಿ 'ಪ್ರಬುದ್ಧ ಕರ್ಣಾಟಕ'ವನ್ನು ಆರಂಭಿಸಿದಾಗ. ಅದು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪತ್ರಿಕೆಯಾಯಿತು.

ಹೈಸ್ಕೂಲು ಹುಡುಗರಿಗೆ ಅಚ್ಚುಕೂಟ ಎಟುಕುವಂಥದಾಗಿರಲಿಲ್ಲ. ಅವರಿಗೆ ಒದಗಿದ್ದು ಕೈಬರಹ. ಕಾಸರಗೋಡಿನ ಪೆರಡಾಲದಲ್ಲಿ 1915ರಲ್ಲಿ ಹುಟ್ಟಿದ ಕಯ್ಯಾರ ಕಿಞ್ಞಣ್ಣ ರೈ ತಮ್ಮ ಹನ್ನೆರಡನೆಯ ವಯಸ್ಸಿನಲ್ಲಿ 'ಸುಶೀಲಾ' ಎಂಬ ಕೈಬರಹದ ಪತ್ರಿಕೆ ಹೊರತಂದರು. ಮನೆಮಾತು ತುಳುವಾದರೂ ಪತ್ರಿಕೆ ಕನ್ನಡದ್ದು. ಮುಂದೆ ಅವರು ಪತ್ರಕರ್ತರಾಗಿ ದುಡಿದು, ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಅಧ್ಯಾಪಕರಾಗಿ, ಉತ್ತಮ ಶಿಕ್ಷಕರೆಂದು ರಾಷ್ಟ್ರಪ್ರಶಸ್ತಿ ಪಡೆದರು. ಹುಡುಗಾಟದ ಪತ್ರಿಕೆಗಳು ಎಂಥವರನ್ನು ತಯಾರು ಮಾಡಿದವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕೈಬರಹದ ಪತ್ರಿಕೆ ಕನ್ನಡಿಗರಿಗೆ ಮಾತ್ರ ಮೀಸಲಾದ ಹಾದಿಯೂ ಅಲ್ಲ: ಅಮೆರಿಕದ ಮೊದಲ ವಿದ್ಯಾರ್ಥಿ ಪತ್ರಿಕೆಯೆನಿಸಿದ, 1777ರ ಫಿಲಡೆಲ್ಫಿಯಾದ 'ಸ್ಟೂಡೆಂಟ್ಸ್ ಗೆಜೆಟ್' ಸಹ ಕೈಬರಹದ್ದೇ.

ಕೈಬರಹದ ಪತ್ರಿಕೆಗೆ ಸಾಮಾನ್ಯವಾಗಿ ಇರುತ್ತಿದ್ದುದು ಒಂದೇ ಪ್ರತಿ. ಬಂದ ಬರಹಗಳನ್ನು ಕನ್ನಡ ಪಂಡಿತರು ತಿದ್ದಿಕೊಟ್ಟರೆ, ತರಗತಿಯಲ್ಲಿ ಯಾರ ಅಕ್ಷರ ದುಂಡಗಿದೆಯೋ ಅವರ ಪಾಲಿಗೆ ನಕಲು ಮಾಡುವ ಕೆಲಸ. ಡ್ರಾಯಿಂಗ್ ಚೆನ್ನಾಗಿ ಬರುವವರು ಅಂಚುಪಟ್ಟಿ, ಮುಖಪುಟ ಬಿಡಿಸುತ್ತಿದ್ದರು. ಹಾಳೆಗಳನ್ನು ದಾರದಲ್ಲಿ ಹೊಲಿದು, ರಟ್ಟು ಅಂಟಿಸಿ, ವಾಚನಾಲಯದ ಮೇಜಿನ ಮೇಲಿಟ್ಟರೆ ಬಿಡುಗಡೆಯಾದಂತೆ. ಸಂಪಾದಕನ ಹೆಸರು ಮೊದಲ ಪುಟದಲ್ಲಿ ರಾರಾಜಿಸುತ್ತಿತ್ತು. ಪುಟಪುಟವನ್ನೂ ಬರೆದ ಕೈ ಯಾರದೆಂಬುದು ಎಲ್ಲೂ ಇರುತ್ತಿರಲಿಲ್ಲ. ಆ ಒಂದು ಪ್ರತಿಗೆ ಗೆದ್ದಲು ಹಿಡಿದರೆ ಮುಗಿಯಿತು. ಈ ಪತ್ರಿಕೆಗಳ ಬಗ್ಗೆ ಇಂದು ತಿಳಿಯುವುದು ಹೆಚ್ಚಾಗಿ ಲೇಖಕರ ಆತ್ಮಕಥೆಗಳಿಂದ.

ಫ್ರಾನ್ಸಿನ ಹಳ್ಳಿಯ ಮೇಷ್ಟ್ರು ಸೆಲೆಸ್ಟಿನ್ ಫ್ರೆನೆ 1924ರಲ್ಲಿ ತರಗತಿಯೊಳಕ್ಕೇ ಅಚ್ಚಿನ ಯಂತ್ರ ತಂದು ಮಕ್ಕಳ ಕೈಯಲ್ಲಿ ಮೊಳೆ ಜೋಡಿಸಿದ್ದ. ನಮ್ಮ ಶಾಲೆಗಳಿಗೆ ಬಂದದ್ದು ಸೈಕ್ಲೋಸ್ಟೈಲ್; ಅದೂ ಮುಖ್ಯವಾಗಿ ಪ್ರಶ್ನೆಪತ್ರಿಕೆಗೆ. ಅಚ್ಚಾದ ವಾರ್ಷಿಕ ಸಂಚಿಕೆ ಊರಿನ ಜವಳಿ ಅಂಗಡಿ, ಹೋಟೆಲು, ಸಹಕಾರಿ ಸಂಘಗಳ ಜಾಹೀರಾತನ್ನು ನಂಬಿಕೊಂಡಿತು. ಫೋಟೊಗೆ ಬ್ಲಾಕ್ ಮಾಡಿಸುವುದು ದುಬಾರಿಯಾದ್ದರಿಂದ ಚಿತ್ರಗಳೆಲ್ಲ ನಯವಾದ ಕಾಗದದ ಕೆಲವೇ ಪುಟಗಳಲ್ಲಿ ಒಟ್ಟಾಗಿ ಬರುತ್ತಿದ್ದವು. ಶಾಲೆ ಬಿಡುವ ಪ್ರತಿಯೊಬ್ಬರ ಭಾವಚಿತ್ರವಿರುವ ಅಮೆರಿಕದ ಮಾದರಿಯ 'ಇಯರ್‌ಬುಕ್' ಇಲ್ಲಿ ಬೇರೂರಲಿಲ್ಲ. ಅದರ ಕೆಲಸವನ್ನು ಎಸ್ಸೆಸ್ಸೆಲ್ಸಿಯ ಗುಂಪು ಫೋಟೊ ಮತ್ತು ಬಣ್ಣದ ಹಾಳೆಗಳ ಆಟೋಗ್ರಾಫ್ ಪುಸ್ತಕ ಹಂಚಿಕೊಂಡವು.

ಹೆಡ್‌ಮಾಸ್ತರರ ಒಪ್ಪಿಗೆಯಿಲ್ಲದೆ ಒಂದು ಸಾಲೂ ಅಚ್ಚಾಗದೆಂಬುದು ಇಲ್ಲಿ ಯಾರೂ ಪ್ರಶ್ನಿಸದ ನಿಯಮ. ಅಮೆರಿಕದ ಹೇಜಲ್‌ವುಡ್‌ನಲ್ಲಿ ಪ್ರಾಂಶುಪಾಲರು 1983ರಲ್ಲಿ ವಿದ್ಯಾರ್ಥಿ ಪತ್ರಿಕೆಯ ಎರಡು ಪುಟ ಕಿತ್ತುಹಾಕಿದ್ದು ಸುಪ್ರೀಂ ಕೋರ್ಟಿನವರೆಗೆ ಹೋಗಿ, 1988ರಲ್ಲಿ ತೀರ್ಪು ಶಾಲೆಯ ಪರವಾಯಿತು. ಕನ್ನಡದ ಶಾಲಾ ಸಂಚಿಕೆಗಳಲ್ಲಿ ಅಂಥ ಜಗಳಕ್ಕೆ ಆಸ್ಪದವೇ ಇರಲಿಲ್ಲ. ಕಳಪೆ ಊಟ, ಸೋರುವ ಸೂರು, ಬಾರದ ಮೇಷ್ಟ್ರು ಮಕ್ಕಳ ಬರಹದೊಳಗೆ ಬರುವುದೇ ಅಪರೂಪ. ನೀತಿಕಥೆಗಳಿಗೂ ಬೇರೆಡೆಯಿಂದ ಎತ್ತಿದ ಚುಟುಕಗಳಿಗೂ ಬರವಿರಲಿಲ್ಲ.

1998ರಲ್ಲಿ 'ಬರಹ', ಅನಂತರ 'ನುಡಿ' ತಂತ್ರಾಂಶಗಳು ಬಂದ ಮೇಲೆ ಡಿ.ಟಿ.ಪಿ. ಅಗ್ಗವಾಗಿ, ಸುವರ್ಣ ಮಹೋತ್ಸವ, ಶತಮಾನೋತ್ಸವಗಳ ಸ್ಮರಣ ಸಂಚಿಕೆಗಳು ಹೆಚ್ಚಿದವು. ಅವುಗಳಲ್ಲಿ ಗಣ್ಯರ ಶುಭಸಂದೇಶಗಳು ಮೊದಲ ಪುಟಗಳನ್ನು ಆಕ್ರಮಿಸಿ ಮಕ್ಕಳು ಹಿಂದಕ್ಕೆ ಸರಿದದ್ದೂ ಉಂಟು. ಮಕ್ಕಳೇ ತಮ್ಮ ಅಹವಾಲನ್ನು ಬರೆದ ಪತ್ರಿಕೆ ಹುಟ್ಟಿದ್ದು ಶಾಲೆಯ ಹೊರಗೆ: ದುಡಿಯುವ ಮಕ್ಕಳೊಂದಿಗೆ ಬೆಂಗಳೂರು, ಕುಂದಾಪುರಗಳಲ್ಲಿ ಕೆಲಸ ಮಾಡಿದ ಸಿ.ಡಬ್ಲ್ಯು.ಸಿ. (ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್) ಸಂಸ್ಥೆಯ 'ಭೀಮ ಪತ್ರಿಕೆ' ಎಂಬ ಗೋಡೆ ಪತ್ರಿಕೆ.