ಇನ್ನಿಲ್ಲ ಎಂದ ಮೇಲೂ

ಹೆಸರಾದವರೊಬ್ಬರು ತೀರಿಕೊಂಡ ಮರುದಿನ ಕನ್ನಡ ಪತ್ರಿಕೆಯ ಮುಖಪುಟದಲ್ಲಿ ಅವರ ಹೆಸರಿನ ಪಕ್ಕ ಮೂರೇ ಅಕ್ಷರ ಇದ್ದರೆ ಸಾಕು: ಇನ್ನಿಲ್ಲ. ಸಾವಿಗೆ ನಮ್ಮಲ್ಲಿ ಪದಗಳ ಬರವೇನೂ ಇಲ್ಲ. ನಿಧನ, ವಿಧಿವಶ, ಅಸ್ತಂಗತ ಎಂಬ ಸಂಸ್ಕೃತದ ಪದಗಳಿವೆ. ತೀರಿಕೊಂಡರು, ಕಾಲವಾದರು, ಹೋಗಿಬಿಟ್ಟರು ಎಂಬ ಮನೆಮಾತುಗಳಿವೆ. ಇವೆಲ್ಲ ಏನು ನಡೆಯಿತು ಎಂಬುದನ್ನು ತಿಳಿಸುತ್ತವೆ. ‘ಇನ್ನಿಲ್ಲ’ ಮಾತ್ರ ನಡೆದದ್ದರ ಗೋಜಿಗೇ ಹೋಗದೆ, ಇವತ್ತಿನಿಂದಾಚೆಗೆ ಏನಿರುವುದಿಲ್ಲ ಎಂಬುದನ್ನಷ್ಟೇ ಹೇಳುತ್ತದೆ. ಅದರ ಮುಖ ಇರುವುದು ಮುಂದಿನ ದಿನಗಳ ಕಡೆಗೆ. ಇದೇ ಪದಕ್ಕೆ ಇನ್ನೊಂದು ಬದುಕೂ ಇದೆ. ಇನ್ನಿಲ್ಲದ ಸಂಭ್ರಮ, ಇನ್ನಿಲ್ಲದ ಹಟ, ಇನ್ನಿಲ್ಲದಂತೆ ಕಾಡಿತು ಎನ್ನುವಾಗ ಅದು ಇದಕ್ಕಿಂತ ಮಿಗಿಲಾದದ್ದು ಬೇರೊಂದಿಲ್ಲ ಎಂದು ಸಾರುತ್ತದೆ. ಇಲ್ಲದಿರುವುದಕ್ಕೂ ತುಂಬಿ ತುಳುಕುವುದಕ್ಕೂ ಒಂದೇ ಪದ. ಇದರೊಳಗಿನ ‘ಇನ್ನು’ ಎಂಬುದರ ಕೊನೆಯನ್ನು ಸ್ವಲ್ಪ ಎಳೆದು ‘ಇನ್ನೂ’ ಎಂದರೆ ಅರ್ಥ ತಿರುಗಿ ನಿಲ್ಲುತ್ತದೆ. ಹಳೆಯ ಧಾರಾವಾಹಿ ಬರುತ್ತಿರುವಾಗ ಟಿ.ವಿ. ಮುಂದೆ ಕೂತವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಯಲ್ಲಿ ಇರುವುದು ಈ ದೀರ್ಘವೇ: ‘ಇವರು ಇನ್ನೂ ಇದ್ದಾರಾ?’ ಇಲ್ಲ ಎಂಬ ಉತ್ತರ ಬಂದ ಕ್ಷಣಕ್ಕೆ ಕೋಣೆಯಲ್ಲಿ ಏನೋ ಬದಲಾಗುತ್ತದೆ, ಬೇಸರವೊಂದು ಕವಿಯುತ್ತದೆ. ತೆರೆಯ ಮೇಲಿನ ಮನುಷ್ಯ ಮಾತ್ರ ಮೊದಲಿನಂತೆಯೇ ಪತ್ರಿಕೆ ಮಡಿಸುತ್ತಾನೆ, ಮಗನನ್ನು ಗದರುತ್ತಾನೆ.

ಆ ಬೇಸರ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಕನ್ನಡದ ಎರಡು ನಿಷೇಧಗಳಲ್ಲೇ ಉತ್ತರವಿದೆ ಎಂದು ನನಗನ್ನಿಸುತ್ತದೆ. ನಮ್ಮಲ್ಲಿ ‘ಅಲ್ಲ’ ಬೇರೆ, ‘ಇಲ್ಲ’ ಬೇರೆ. ಮೊದಲನೆಯದು ಗುರುತನ್ನು ಅಲ್ಲಗಳೆಯುತ್ತದೆ, ಎರಡನೆಯದು ಇರವನ್ನು. ನಾಟಕವನ್ನಾಗಲಿ ಧಾರಾವಾಹಿಯನ್ನಾಗಲಿ ನಾವು ನೆಮ್ಮದಿಯಿಂದ ನೋಡುವುದು ‘ಅಲ್ಲ’ದ ಬಲದಿಂದ. ಈತ ನಿಜವಾಗಿ ರಾಕ್ಷಸ ಅಲ್ಲ, ಇದು ನಿಜವಾದ ಬಾಣ ಅಲ್ಲ. ಪಾತ್ರ ಸತ್ತರೂ ನಟ ಬಣ್ಣ ಅಳಿಸಿಕೊಂಡು ಮನೆಗೆ ಹೋಗುತ್ತಾನೆ ಎಂಬ ಭರವಸೆ ಒಳಗೆಲ್ಲೋ ಇರುವುದರಿಂದಲೇ ನಾವು ಧೈರ್ಯವಾಗಿ ಅಳುತ್ತೇವೆ. ನಟ ತೀರಿಕೊಂಡ ಮೇಲೆ ಈ ಲೆಕ್ಕ ತಿರುವುಮುರುವಾಗುತ್ತದೆ. ಪಾತ್ರ ಇದೆ, ನಟ ಇಲ್ಲ. ಸಾಯುವುದು ಸುಳ್ಳಾಗಿ ಕಾಣುತ್ತಿದ್ದ ಜಾಗದಲ್ಲಿ ಈಗ ಬದುಕಿರುವುದು ಸುಳ್ಳಾಗಿ ಕಾಣುತ್ತದೆ.

ಇದು ಬರೀ ಮಾತಿನ ಚಮತ್ಕಾರವೆಂದು ಯಾರಿಗಾದರೂ ಅನ್ನಿಸಿದರೆ ರಮಾನಂದ ಸಾಗರರ ‘ರಾಮಾಯಣ’ವನ್ನು ನೋಡಬಹುದು. 1987ರಲ್ಲಿ ಶುರುವಾದ ಆ ಧಾರಾವಾಹಿಯನ್ನು 2020ರ ಮಾರ್ಚ್ 28ರಿಂದ, ಲಾಕ್‌ಡೌನ್ ಕಾಲದಲ್ಲಿ, ದೂರದರ್ಶನ ಮತ್ತೆ ಪ್ರಸಾರ ಮಾಡಿತು. ಹನುಮಂತನಾಗಿದ್ದ ದಾರಾ ಸಿಂಗ್ ತೀರಿಕೊಂಡು ಆಗಲೇ ಎಂಟು ವರ್ಷವಾಗುತ್ತಾ ಬಂದಿತ್ತು. ಮಂಥರೆಯಾಗಿದ್ದ ಲಲಿತಾ ಪವಾರ್ 1998ರಲ್ಲೇ ಹೋಗಿದ್ದರು. ರಾವಣನ ಪಾತ್ರದ ಅರವಿಂದ್ ತ್ರಿವೇದಿ ಆಗ ಇದ್ದರು. ಸೀತಾಪಹರಣದ ಸಂಚಿಕೆಯನ್ನು ಅವರು ಮನೆಯಲ್ಲಿ ಕೂತು ನೋಡುತ್ತಾ ಕೈ ಮುಗಿದ ವಿಡಿಯೊ ಎಲ್ಲರ ಮೊಬೈಲುಗಳಲ್ಲಿ ಹರಿದಾಡಿತು. 2021ರ ಅಕ್ಟೋಬರ್‌ನಲ್ಲಿ ಅವರೂ ತೀರಿಕೊಂಡರು. ರಾವಣವಧೆಯ ಸಂಚಿಕೆಯಲ್ಲಿ ಅಂದಿನಿಂದ ಇಂದಿಗೆ ಒಂದು ಚಿತ್ರವೂ ಬದಲಾಗಿಲ್ಲ. ಆದರೆ 2020ರಲ್ಲಿ ಅದನ್ನು ನೋಡಿದವನಿಗೆ ರಾವಣ ಸತ್ತರೂ ನಟ ಮನೆಯಲ್ಲಿ ಟಿ.ವಿ. ನೋಡುತ್ತಿದ್ದಾನೆ ಎಂಬ ಸಮಾಧಾನವಿತ್ತು. ಇವತ್ತು ನೋಡುವವನಿಗೆ ಅದಿಲ್ಲ. ದುಃಖ ದೃಶ್ಯದಲ್ಲಿ ಇಲ್ಲ. ‘ಅಲ್ಲ’ ಇದ್ದ ಕಡೆ ‘ಇಲ್ಲ’ ಬಂದು ಕೂತಿರುವುದರಲ್ಲಿದೆ.

ಇದು ಸತ್ತವರ ಮೇಲಿನ ದುಃಖವೇ ಅಲ್ಲ, ಕಳೆದುಹೋದ ನಮ್ಮ ಬಾಲ್ಯದ ಹಳಹಳಿಕೆ ಎಂದು ವಾದಿಸುವವರಿದ್ದಾರೆ. ವಾದದಲ್ಲಿ ಹುರುಳಿದೆ. ಒಂದೇ ಚಾನೆಲ್ ಇದ್ದ ಕಾಲ, ಆಂಟೆನಾ ತಿರುಗಿಸುತ್ತಿದ್ದ ಕಾಲ ಹಳೆಯ ಧಾರಾವಾಹಿಯ ಶೀರ್ಷಿಕೆ ಸಂಗೀತದ ಜೊತೆಗೇ ಬರುತ್ತದೆ. ಆದರೆ ಅದಷ್ಟೇ ಆಗಿದ್ದರೆ ಆ ಕಾಲದ ಎಲ್ಲ ಮುಖಗಳೂ ಒಂದೇ ಬಗೆಯಲ್ಲಿ ಕಾಡಬೇಕಿತ್ತು. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ಅವರನ್ನು ಕಂಡಾಗ ‘ಎಷ್ಟು ಚಿಕ್ಕವನಿದ್ದ!’ ಎಂಬ ಅಕ್ಕರೆ ಉಕ್ಕುತ್ತದೆ. ಅದೇ ದೃಶ್ಯದಲ್ಲಿ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ ಬಂದಾಗ ಆಗುವುದು ಬೇರೆ. ವೈಶಾಲಿ 2010ರಲ್ಲಿ ಹೋದರು, ಕಾರ್ನಾಡ್ 2019ರಲ್ಲಿ. ಇಬ್ಬರನ್ನೂ ಅಲ್ಲಿಗೆ ತಂದು ನಿಲ್ಲಿಸಿದ ಶಂಕರ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದಾಗ ಅವರಿಗೆ 36 ಕೂಡ ತುಂಬಿರಲಿಲ್ಲ. ಧಾರಾವಾಹಿಯ ಚಿತ್ರೀಕರಣ ನಡೆದ ಆಗುಂಬೆಯ ಮನೆಯ ಒಂದೇ ಚೌಕಟ್ಟಿನಲ್ಲಿ, ಒಂದೇ ಬೆಳಕಿನಲ್ಲಿ, ಇರುವವರೂ ಇಲ್ಲದವರೂ ಒಟ್ಟಿಗೆ ನಿಂತಿದ್ದಾರೆ. ನೋಡುವವನ ಬಾಲ್ಯ ಇಬ್ಬರಿಗೂ ಸಮಾನ. ದುಃಖ ಮಾತ್ರ ಸಮಾನವಲ್ಲ.

ಹಾಗಿದ್ದರೆ 1954ರ ‘ಬೇಡರ ಕಣ್ಣಪ್ಪ’ ನೋಡುವಾಗ ಎಲ್ಲಕ್ಕಿಂತ ಹೆಚ್ಚು ಅಳು ಬರಬೇಕಲ್ಲ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ರಾಜಕುಮಾರ್, ಪಂಡರೀಬಾಯಿ, ನರಸಿಂಹರಾಜು, ಜಿ.ವಿ. ಅಯ್ಯರ್, ಯಾರೂ ಈಗಿಲ್ಲ. ಆದರೂ ಆ ಚಿತ್ರ ಹಳೆಯ ಧಾರಾವಾಹಿಯಷ್ಟು ಎದೆ ಚುಚ್ಚುವುದಿಲ್ಲ. ಅಲ್ಲಿ ಒಂದಿಡೀ ಕಾಲವೇ ತನ್ನವರನ್ನು ಕರೆದುಕೊಂಡು ಹೋಗಿದೆ. ಇಂದಿನ ಬಹುಪಾಲು ನೋಡುಗರಿಗೆ ಅದು ಮೊದಲಿನಿಂದಲೂ ಹಿಂದಿನವರ ಲೋಕ. ಅಲ್ಲಿ ‘ಇನ್ನೂ ಇದ್ದಾರಾ’ ಎಂದು ಯಾರೂ ಕೇಳುವುದಿಲ್ಲ. ಕೇಳಬೇಕೆನ್ನಿಸುವುದು ಅರ್ಧ ಜನ ಇದ್ದು ಅರ್ಧ ಜನ ಇಲ್ಲದ ಕಡೆ. 1980, 90ರ ದಶಕಗಳ ಕಿರುತೆರೆ ಈಗ ಸರಿಯಾಗಿ ಆ ಘಟ್ಟದಲ್ಲಿದೆ. ಸಾಲದ್ದಕ್ಕೆ, ಟಿ.ವಿ.ಯ ಮುಖಗಳು ಚಿತ್ರಮಂದಿರದ ಮುಖಗಳಂತೆ ಆಳೆತ್ತರ ಮೀರಿ ಬೆಳೆದವಲ್ಲ. ಅವು ನಮ್ಮ ಮುಖದಷ್ಟೇ ದೊಡ್ಡವಾಗಿ, ವಾರವಾರವೂ ಊಟದ ಹೊತ್ತಿಗೆ ಮನೆಯೊಳಕ್ಕೆ ಬಂದವು.

ಪರಿಚಯವೇ ಇಲ್ಲದವರಿಗಾಗಿ ಮರುಗುವುದು ಕಡ ತಂದ ದುಃಖ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ‘ಇಲ್ಲ’ ಎಂಬ ಪದ ನಂಟನ್ನು ಕೇಳುವುದೇ ಇಲ್ಲ. ಲಿಂಗ, ವಚನ, ಪುರುಷ ಯಾವುದಕ್ಕೂ ಬದಲಾಗದೆ ಎಲ್ಲರಿಗೂ ಒಂದೇ ರೂಪದಲ್ಲಿ ಒದಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಈ ದುಃಖ ನಮ್ಮ ನೋಟವನ್ನು ತಿದ್ದುತ್ತದೆ. ‘ಮಾಲ್ಗುಡಿ ಡೇಸ್’ನ ಒಂದು ಕಥೆಯಲ್ಲಿ ತಿಂಗಳ ಸಂಬಳಕ್ಕೆ ಕಟ್ಟುಬಿದ್ದ ಗುಮಾಸ್ತ ವೆಂಕಟರಾವ್ ಆಗಿ ವಿಷ್ಣುವರ್ಧನ್ ಬರುತ್ತಾರೆ. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವುದಾಗಿ ಹೇಳಿರುತ್ತಾನೆ, ಕಚೇರಿ ಬಿಡುವುದಿಲ್ಲ, ಮನೆಗೆ ಬರುವಷ್ಟರಲ್ಲಿ ಮಗು ಸಿಂಗರಿಸಿಕೊಂಡೇ ಮಲಗಿಬಿಟ್ಟಿರುತ್ತದೆ. ಮೊದಲ ಸಲ ನೋಡಿದವರು ಗುಮಾಸ್ತನಿಗಾಗಿ ನೊಂದರು. 2009ರ ಡಿಸೆಂಬರ್ 30ರ ನಂತರ ನೋಡುವವರಿಗೆ ನಟನೂ ಕಾಣುತ್ತಾನೆ. ದೊಡ್ಡ ತೆರೆಯ ಸಾಹಸಸಿಂಹ ಇಲ್ಲಿ ಭುಜ ಎಷ್ಟು ಕುಗ್ಗಿಸಿದ್ದಾರೆ, ದನಿಯನ್ನು ಎಲ್ಲಿ ತಗ್ಗಿಸಿದ್ದಾರೆ ಎಂಬುದರ ಮೇಲೆ ಕಣ್ಣು ನಿಲ್ಲುತ್ತದೆ. ಪಾತ್ರದ ಹಿಂದೆ ಒಬ್ಬ ಮನುಷ್ಯ ಒಂದು ಹಗಲು ದುಡಿದಿದ್ದಾನೆ ಎಂಬ ಅರಿವು ಬರುತ್ತದೆ. ‘ಇನ್ನಿಲ್ಲ’ ಆದದ್ದು ಹೀಗೆ ‘ಇನ್ನಿಲ್ಲದಂತೆ’ ಆಗುತ್ತದೆ. ಅದಕ್ಕೇ ಈ ಬೇಸರಕ್ಕೆ ಹೆದರಿ ಚಾನೆಲ್ ಬದಲಿಸಬಾರದು.

ಆದರೆ ಈ ಗಮನ ಎಲ್ಲರ ಪಾಲಿಗೂ ಬಂದಿಲ್ಲ. ತಲೆಬರಹದಲ್ಲಿ ‘ಇನ್ನಿಲ್ಲ’ ಎನ್ನಿಸಿಕೊಳ್ಳಬೇಕಾದರೂ ಹೆಸರು ಮಾಡಿರಬೇಕು. ಅದೇ ಸಂಚಿಕೆಗಳಲ್ಲಿ ಅಂಗಡಿ ಮುಂದೆ ಕೂತ ಮುದುಕ, ಕಚೇರಿಯ ಜವಾನ, ನೀರು ಸೇದುವ ಹೆಂಗಸು ಇದ್ದಾರೆ. ಅವರು ಇದ್ದಾರೋ ಇಲ್ಲವೋ ನಮಗೆ ತಿಳಿಸಿದವರಿಲ್ಲ, ಆದ್ದರಿಂದ ಅವರನ್ನು ನೋಡುವಾಗ ಬೇಸರವೂ ಆಗುವುದಿಲ್ಲ. ಅವರನ್ನು ಗುರುತಿಸಲು ಉಳಿದಿರುವ ದಾರಿ ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯೊಂದೇ. ಮರುಪ್ರಸಾರದಲ್ಲಾಗಲಿ ಯೂಟ್ಯೂಬಿಗೆ ಏರಿಸುವಾಗಲಾಗಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಹಳೆಯ ಧಾರಾವಾಹಿಗಳನ್ನು ಮತ್ತೆ ತೋರಿಸುವವರು ಆ ಅರ್ಧ ನಿಮಿಷವನ್ನು ಉಳಿಸಿಕೊಡಬೇಕು, ಹೆಸರುಗಳನ್ನು ಓದಲು ಆಗುವಷ್ಟು ನಿಧಾನವಾಗಿ.